ಮೇಸ್ತ್ರಿಯ ಕಿವಿ

ಊಟಕ್ಕೆ ಕೂತಾಗ ದೊಡ್ಡ ಮಾತು ಎತ್ತಬೇಡಿ ಎಂದು ಹೊಲಿಗೆಯಕ್ಕ ಸಾವಿರ ಸಲ ಹೇಳಿದ್ದಳು. ಆ ಮನೆಯಲ್ಲಿ ಅವಳ ಮಾತು ಯಾರಿಗೆ ಬೇಕು? ಅನ್ನದ ಪಾತ್ರೆಯ ಮುಚ್ಚಳ ತೆಗೆದಿದ್ದಳಷ್ಟೆ, ಮಗಳು ಬಾಯಿ ತೆಗೆದಳು.

“ಅಪ್ಪ, ಯೋಚನೆ ಮಾಡಿ ಆಯ್ತು. ನನ್ನ ಕಾರಿಗೆ ನೈಟ್ರಸ್ ಹಾಕ್ತೀನಿ.”

ಮೇಸ್ತ್ರಿ ಕೈಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಮಗಳ ಮುಖ ನೋಡಿದ. ಅವನಿಗಿಂತ ಮೊದಲು ಅವನ ತಾಯಿ ಕೇಳಿದಳು. ಎಂಬತ್ತು ದಾಟಿದ ಅಜ್ಜಿ. ಕಣ್ಣು ಮಂಜಾಗಿದ್ದರೂ ಕಿವಿ ಮಾತ್ರ ಇನ್ನೂ ಚುರುಕು.

“ಅದೇನೇ ಅದು ಗುಬ್ಬಿ? ಬಣ್ಣಾನಾ?”

“ಗ್ಯಾಸು ಅಜ್ಜಿ. ಹಲ್ಲಿನ ಡಾಕ್ಟ್ರು ನೋವು ಗೊತ್ತಾಗ್ದೇ ಇರ್ಲಿ ಅಂತ ಮೂಗಿಗೆ ಹಿಡೀತಾರಲ್ಲ, ನಗು ಬರ್ಸೋ ಗ್ಯಾಸು. ಅದೇ.”

“ಕಾರಿಗೇನು ಹಲ್ಲು ನೋವಾ?”

“ಅಜ್ಜೀ, ಅದು ಇಂಜಿನ್ನಿಗೆ ಜಾಸ್ತಿ ಉಸಿರು ಕೊಡುತ್ತೆ. ಉಸಿರು ಜಾಸ್ತಿ ಆದ್ರೆ ಪೆಟ್ರೋಲು ಜಾಸ್ತಿ ಉರಿಯುತ್ತೆ, ಪೆಟ್ರೋಲು ಜಾಸ್ತಿ ಉರಿದ್ರೆ ಕಾರು ಬಾಣದ ಹಾಗೆ ಹೋಗುತ್ತೆ. ಬರೀ ಹತ್ತು ಸೆಕೆಂಡು.”

“ಹತ್ತು ಸೆಕೆಂಡಿಗೆ ಇಷ್ಟೆಲ್ಲಾನಾ? ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದು ಅಜ್ಜಿ ತಟ್ಟೆಗೆ ಬೇಳೆ ಹಾಕಿಸಿಕೊಂಡಳು.

ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ಗುಬ್ಬಿ ಎಂದು ಕರೆದದ್ದು. ಈಗ ಒಂದೇ ಕೈಯಲ್ಲಿ ಟೈರು ಎತ್ತುತ್ತಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ. ವಾರವಿಡೀ ಪಾರ್ಸೆಲ್ ಕಂಪನಿಯ ವ್ಯಾನು ಓಡಿಸುತ್ತಾಳೆ. ಎಷ್ಟು ಒತ್ತಿದರೂ ಒಂದು ಮಿತಿ ದಾಟದಂತೆ ಅದಕ್ಕೆ ಕಂಪನಿಯವರು ಲಗಾಮು ಹಾಕಿದ್ದಾರೆ. ಊರಾಚೆ ವಿಮಾನ ಇಳಿಯುವುದು ನಿಂತುಹೋದ ಹಳೆಯ ರನ್‌ವೇ ಇದೆ; ತಿಂಗಳಿಗೊಂದು ಭಾನುವಾರ ಅಲ್ಲಿ ಅನುಮತಿ ಪಡೆದು ಕಾಲು ಮೈಲಿಯ ಓಟ ನಡೆಸುತ್ತಾರೆ. ಗುಬ್ಬಿಯ ಜೀವ ಇರುವುದೇ ಆ ಭಾನುವಾರದಲ್ಲಿ. ವಾರದ ಆರು ದಿನ ಕೆಲಸಕ್ಕೆ, ಅಜ್ಜಿಯ ಕಣ್ಣಿನ ಆಸ್ಪತ್ರೆಗೆ, ಅಮ್ಮನ ಬಟ್ಟೆಯ ಗಂಟಿಗೆ ಓಡುವ ಅದೇ ಹಳೆಯ ಕಾರು ಆವತ್ತು ಓಟದ ಕಾರಾಗುತ್ತದೆ.

“ಹಾಕೋಣ,” ಎಂದ ಮೇಸ್ತ್ರಿ. “ಆದ್ರೆ ಯಾವ ಕಿಟ್ಟು ಅಂತ ನಾನು ಹೇಳ್ತೀನಿ. ಟ್ಯೂನಿಂಗ್ ನಾನೇ ಮಾಡ್ತೀನಿ.”

“ನೀನಲ್ಲದೆ ಇನ್ಯಾರಪ್ಪ?” ಎಂದು ಮಗಳು ನಕ್ಕಳು.

ಹೊಲಿಗೆಯಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಗಂಡನ ಕಡೆ ನೋಡಿದಳು. ಅವನು ನೋಡಲಿಲ್ಲ.

ಮೇಸ್ತ್ರಿಯ ಕಿವಿ ಎಂದರೆ ಆ ಬೀದಿಯಲ್ಲಿ ದೊಡ್ಡ ಮಾತು. ಮೂವತ್ತು ವರ್ಷ ದೊಡ್ಡ ವರ್ಕ್‌ಶಾಪಿನಲ್ಲಿ ಇಂಜಿನ್ ಬಿಚ್ಚಿ ಕಟ್ಟಿದವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿಕೊಂಡು “ಎರಡನೇದರ ವಾಲ್ವು” ಎಂದರೆ ಎರಡನೆಯದರ ವಾಲ್ವೇ. ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ಅಲ್ಲಿಂದ ಬಿಟ್ಟ ಮೇಲೆ ಮನೆಯ ಪಕ್ಕದ ತಗಡಿನ ಶೆಡ್ಡಿಗೇ ಗಿರಾಕಿಗಳು ಹುಡುಕಿಕೊಂಡು ಬಂದರು.

ಆ ಕಿವಿ ಹೋಗಿ ಎರಡು ವರ್ಷವಾಗಿತ್ತು. ಪೂರ್ತಿ ಹೋಗಿರಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ಕೇಳುತ್ತಿತ್ತು, ಲಾರಿಯ ಗುಡುಗು ಕೇಳುತ್ತಿತ್ತು. ಹೋದದ್ದು ಸಣ್ಣ, ಚೂಪು ಸದ್ದು: ಬಾಗಿಲ ಗಂಟೆ, ಹಕ್ಕಿಯ ದನಿ, ಬೀಗದ ಕೈ ಬಿದ್ದ ಸದ್ದು. ಹೊಲಿಗೆಯಕ್ಕ ಒಂದು ದಿನ ಅಂಗಡಿಯಿಂದ ಬಂದಾಗ ಕುಕ್ಕರು ಕೂಗಿ ಕೂಗಿ ಬೇಳೆಯೆಲ್ಲ ಸೀದಿತ್ತು, ಗಂಡ ಅದರ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಮೂವತ್ತು ವರ್ಷ ಇಂಜಿನ್ನುಗಳ ನಡುವೆ ನಿಂತದ್ದರ ಫಲ, ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಮಾತು ಕೇಳಲು ಬೇಕಾದರೆ ಮೆಷಿನ್ನು ಹಾಕಬಹುದು ಎಂದರು.

“ಕಿವಿಗೆ ಮೆಷಿನ್ನು ಸಿಗ್ಸಿಕೊಂಡ ಮೇಸ್ತ್ರಿ ಹತ್ರ ಯಾವನು ಇಂಜಿನ್ ತರ್ತಾನೆ?” ಎಂದ ಮೇಸ್ತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಹೊಲಿಗೆಯಕ್ಕ ಕಂಡದ್ದು ಅದೊಂದೇ ಸಲ.

ಅವತ್ತಿನಿಂದ ಅವಳು ತಾನು ಹೊಲಿದುಕೊಡುವ ಸಮವಸ್ತ್ರಗಳ ಗುಂಡಿ ಹಚ್ಚುವ ಕೆಲಸವನ್ನು ಶೆಡ್ಡಿಗೆ ತಂದುಕೊಂಡಳು. ಗಿರಾಕಿ ಬಂದು ಇಂಜಿನ್ ಚಾಲೂ ಮಾಡಿದರೆ ತಲೆ ತಗ್ಗಿಸಿ ಗುಂಡಿ ಹಚ್ಚುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಗಿರಾಕಿ ಆಚೆ ಹೋದ ಮೇಲೆ ಗಂಡನ ಕಿವಿಯ ಹತ್ತಿರ ಬಂದು, “ಬಲಗಡೆ ಸರಪಳಿ ಎಳೆದ ಹಾಗೆ, ವೇಗ ಜಾಸ್ತಿ ಆದ್ರೆ ನಿಲ್ಲುತ್ತೆ,” ಎಂದು ಪಿಸುಗುಡುತ್ತಿದ್ದಳು. ಅವನು ಕಣ್ಣು ಮುಚ್ಚಿ, ಆ ಸದ್ದನ್ನು ತಲೆಯೊಳಗೆ ಕಟ್ಟಿಕೊಂಡು, ಕಾಯಿಲೆಯ ಹೆಸರು ಹೇಳುತ್ತಿದ್ದ. ಕಾರನ್ನು ಓಡಿಸಿ ನೋಡುವುದಿದ್ದರೆ ತರಕಾರಿ ಚೀಲ ಹಿಡಿದು ಅವಳೂ ಹಿಂದಿನ ಸೀಟು ಹತ್ತುತ್ತಿದ್ದಳು. ಸದ್ದು ಬಂದ ಕಡೆ ಅವನ ಭುಜ ತಟ್ಟುತ್ತಿದ್ದಳು. ಹೆಂಡತಿಯನ್ನು ಬಿಟ್ಟಿರಲಾರದ ಗಂಡ ಎಂದು ಗಿರಾಕಿಗಳು ನಗುತ್ತಿದ್ದರು. ನಕ್ಕುಕೊಳ್ಳಲಿ, ಅವಳಿಗೇನು? ಕೆಲಸ ಕೆಡಲಿಲ್ಲ, ಗಂಡನ ತಲೆ ತಗ್ಗಲಿಲ್ಲ. ಮಗಳಿಗಾಗಲಿ ಅತ್ತೆಗಾಗಲಿ ಈ ಸಂಗತಿ ಗೊತ್ತಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಆ ವಾರವೆಲ್ಲ ಊಟದ ಹೊತ್ತಿಗೆ ಕಿಟ್ಟಿನದೇ ಜಗಳ. ಎತ್ತು ಏರಿಗೆ, ಕೋಣ ನೀರಿಗೆ.

“ಡ್ರೈ ಕಿಟ್ಟೇ ಸಾಕಪ್ಪ. ಬರೀ ಗ್ಯಾಸ್ ಹೋಗುತ್ತೆ, ಪೆಟ್ರೋಲನ್ನ ಕಾರೇ ಹೆಚ್ಚಿಸಿಕೊಳ್ಳುತ್ತೆ. ಜೋಡ್ಸೋದೂ ಸುಲಭ.”

“ಹೆಚ್ಚಿಸಿಕೊಳ್ಳದೇ ಹೋದ್ರೆ? ಇಪ್ಪತ್ತು ವರ್ಷದ ಕಾರು ಅದು. ಗ್ಯಾಸ್ ಬಂತು, ಪೆಟ್ರೋಲ್ ಬರ್ಲಿಲ್ಲ ಅಂದ್ರೆ ಒಳಗೆ ಬೆಂಕಿ ಜಾಸ್ತಿ ಆಗಿ ಪಿಸ್ಟನ್ನು ಮೇಣದ ಹಾಗೆ ಕರಗುತ್ತೆ. ವೆಟ್ ಕಿಟ್ಟಾದ್ರೆ ಗ್ಯಾಸೂ ಪೆಟ್ರೋಲೂ ಒಂದೇ ನಳಿಕೇಲಿ ಕೈ ಹಿಡ್ಕೊಂಡು ಬರುತ್ತೆ.”

“ವೆಟ್ಟಲ್ಲಿ ಪೆಟ್ರೋಲು ದಾರೀಲೇ ನಿಂತು ಬೆಂಕಿ ಹಿಂದಕ್ಕೆ ಹೊಡೆದ್ರೆ?”

“ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಗ್ಯಾಸ್ ಬಿಡೋ ಸ್ವಿಚ್ ಹಾಕೋಣ. ಗ್ಯಾಸ್ ಕಮ್ಮಿ ಬಿಡೋ ಚಿಕ್ಕ ತೂತಿನ ಜೆಟ್ಟು ಹಾಕೋಣ. ಆಗ ನಿಲ್ಲಲ್ಲ.”

“ಒಣಗಿದ್ದೋ ಒದ್ದೆಯದೋ, ಬೇಗ ಒಂದು ಹೇಳ್ರೋ. ಅನ್ನ ಆರಿ ಹೋಗ್ತಿದೆ,” ಎಂದಳು ಅಜ್ಜಿ.

ಕೊನೆಗೆ ವೆಟ್ಟೇ ಗೆದ್ದಿತು. ವಾರ ಕಳೆದು ಅಪ್ಪ, ಅಮ್ಮ, ಮಗಳು ಮೂವರೂ ಬಿಡಿಭಾಗದ ಅಂಗಡಿಗೆ ಹೋದರು. ಅಂಗಡಿಯವನು ಬಾಯಿಬಡುಕ, ಅವನಿಗೆ ಹೇಳಿದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಮೊದಲು ಇಂಜಿನ್ನಿನ ನಾಲ್ಕು ಸಿಲಿಂಡರಿಗೂ ಬೇರೆ ಬೇರೆ ನಳಿಕೆ ಇರುವ ದುಬಾರಿ ಕಿಟ್ಟನ್ನು ತೋರಿಸಿದ.

“ಅದು ಬರೀ ಓಟಕ್ಕೇ ಇರೋ ಕಾರಿಗೆ. ಬೆಟ್ಟ ಅಗೆದು ಇಲಿ ಹಿಡಿಯೋ ಕೆಲಸ ನಮಗೆ ಬೇಡ,” ಎಂದು ಮೇಸ್ತ್ರಿ ಸಾದಾ ವೆಟ್ ಕಿಟ್ಟನ್ನು ಬಿಚ್ಚಿಸಿದ. ಗ್ಯಾಸ್ ಸಿಲಿಂಡರಿನ ಬಾಯಿ, ಹೆಣೆದ ಉಕ್ಕಿನ ಪೈಪು, ಹಿತ್ತಾಳೆಯ ಜೆಟ್ಟುಗಳು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಅವನ ಕೈ, ಕಣ್ಣು ಎಲ್ಲೂ ತಪ್ಪಲಿಲ್ಲ.

“ಇದರ ಜೊತೆ ಮಿಕ್ಸ್ಚರ್ ಮೀಟರೂ ಹಾಕ್ಸಿಕೊಳ್ಳಿ ಮೇಸ್ತ್ರಿ,” ಎಂದ ಅಂಗಡಿಯವನು. “ಗ್ಯಾಸಿಗೆ ಪೆಟ್ರೋಲು ಕಮ್ಮಿ ಬಿದ್ದ ತಕ್ಷಣ ಮುಳ್ಳು ತೋರ್ಸುತ್ತೆ. ನಾಕಿಂಗ್ ಹಿಡಿಯೋ ಸೆನ್ಸರೂ ಬರುತ್ತೆ ಇದಕ್ಕೆ.”

ನಾಕಿಂಗ್ ಎಂದರೆ ಸಿಲಿಂಡರಿನೊಳಗೆ ಬೆಂಕಿ ಹೊತ್ತಲ್ಲದ ಹೊತ್ತಿಗೆ ಸಿಡಿಯುವ ಸಣ್ಣ ಲೋಹದ ಸದ್ದು. ಪಿಸ್ಟನ್ ಕರಗುವ ಮೊದಲು ಇಂಜಿನ್ ಕೊಡುವ ಎಚ್ಚರಿಕೆ ಅದೊಂದೇ. ಮೇಸ್ತ್ರಿಗೆ ಕೇಳಿಸದೇ ಹೋದದ್ದು ಅಂಥ ಸದ್ದೇ.

ಹೊಲಿಗೆಯಕ್ಕ ತಡೆಯಲಾರದೆ ಹೇಳಿದಳು: “ಇರ್ಲಿ ಬಿಡಿ, ಮೀಟರೂ ತಗೊಳ್ಳೋಣ. ಒಂದು ಇದ್ರೆ ಒಳ್ಳೇದಲ್ವಾ?”

ಮೇಸ್ತ್ರಿ ಅವಳನ್ನು ಸುಡುವ ಹಾಗೆ ನೋಡಿದ. ಆದರೆ ಬೇಡ ಎಂದವನು ಅವನಲ್ಲ, ಮಗಳು.

“ಅಮ್ಮಾ, ಅಪ್ಪನ ಕಿವಿ ಇರೋವಾಗ ಮೀಟರ್ ಯಾಕೆ? ಅಪ್ಪನಿಗೆ ಅವಮಾನ ಅದು. ಬೇಡ ಬಿಡಿ ಅಣ್ಣ, ಎತ್ತಿಡಿ ಅದನ್ನ.”

ಅಂಗಡಿಯವನು ಮೀಟರನ್ನು ಕಪಾಟಿನಲ್ಲಿಟ್ಟು, “ನಿಜ ಬಿಡಮ್ಮ, ಮೇಸ್ತ್ರಿ ಕಿವಿ ಅಂದ್ರೆ ಸುಮ್ನೇನಾ!” ಎಂದ. ಹೊಲಿಗೆಯಕ್ಕ ಕಿಟ್ಟಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದ ಮೇಲೆ, ಮಗಳು ಸ್ನಾನಕ್ಕೆ ಹೋದದ್ದನ್ನು ನೋಡಿ, ಅಡುಗೆಮನೆಯಲ್ಲಿ ಗಂಡನನ್ನು ಹಿಡಿದಳು. ಈರುಳ್ಳಿ ಹೆಚ್ಚುತ್ತಿದ್ದ ಚಾಕು ಅವಳ ಕೈಯಲ್ಲೇ ಇತ್ತು.

“ಹೇಳಿಬಿಡ್ರೀ ಅವಳಿಗೆ. ಗಿರಾಕಿ ಕಾರು ಬೇರೆ. ಇದು ಮಗಳು ಕೂರೋ ಕಾರು.”

“ಹೇಳಿದ್ರೆ ನಾಳೆಯಿಂದ ಏನಾಗ್ತೀನಿ ನಾನು? ಅಮ್ಮನ ಜೊತೆ ಕೂತು ಬಟಾಣಿ ಸುಲೀಲಾ?”

“ಸುಲೀರಿ. ಏನಾಯ್ತೀಗ? ನಾನು ಸುಲಿಯಲ್ವಾ?”

“ನಿನಗೆ ಗೊತ್ತಾಗಲ್ಲ ಕಣೇ.” ಅವನ ದನಿ ಇಳಿಯಿತು. “ಅವಳಿಗೆ ನನ್ನ ಮೇಲೆ ಇರೋದು ಅದೊಂದೇ ನಂಬಿಕೆ. ಓದಿಸ್ಲಿಲ್ಲ, ಆಸ್ತಿ ಮಾಡ್ಲಿಲ್ಲ. ಅಪ್ಪನ ಕಿವಿ ಅಂತಾಳಲ್ಲ, ಅಷ್ಟೇ ನಾನು ಕೊಟ್ಟಿರೋದು.”

ಹೊಲಿಗೆಯಕ್ಕ ಚಾಕು ಕೆಳಗಿಟ್ಟಳು. ಅಯ್ಯೋ ಪಾಪ ಎನ್ನಿಸಿತು, ಅದರ ಬೆನ್ನಿಗೇ ಸಿಟ್ಟೂ ಬಂತು.

“ಹಿಂದಿನ ಸೀಟಲ್ಲಿ ನಾನಿರ್ತೀನಿ. ನಾನಿಲ್ಲದೆ ಗ್ಯಾಸ್ ಬಿಡಬಾರದು. ಆಣೆ ಮಾಡಿ,” ಎಂದಳು.

“ನಿನ್ನಾಣೆ,” ಎಂದ ಮೇಸ್ತ್ರಿ. ಅಲ್ಲಿಗೆ ಅವಳೂ ಒಪ್ಪಿದಂತಾಯಿತು.

ಮುಂದಿನ ವಾರ ಶೆಡ್ಡಿನಲ್ಲಿ ಕೆಲಸ ನಡೆಯಿತು. ಅಪ್ಪ ಮಗಳಿಗೆ ಊಟ ನಿದ್ದೆಯ ಪರಿವೆ ಇಲ್ಲ. ಹೊಲಿಗೆಯಕ್ಕ ಬ್ರೆಡ್ಡಿನ ನಡುವೆ ಮೊಟ್ಟೆ ಇಟ್ಟು ಅಲ್ಲಿಗೇ ಒಯ್ದು ಕೊಟ್ಟಳು. ಡಿಕ್ಕಿಯಲ್ಲಿ ಸಿಲಿಂಡರು ಕೂತಿತು. ಒತ್ತಡ ಹೆಚ್ಚಾದರೆ ಗ್ಯಾಸು ಕಾರಿನೊಳಗೆ ತುಂಬದೆ ಹೊರಗೆ ಹೋಗಲೆಂದು ಅದಕ್ಕೊಂದು ಪೈಪು. ಮಾಮೂಲಿ ಪ್ಲಗ್ಗುಗಳು ಹೋಗಿ, ಬಿಸಿ ತಡೆಯುವ ಪ್ಲಗ್ಗುಗಳು ಬಂದವು. ಅಜ್ಜಿ ಕೋಲೂರಿಕೊಂಡು ಬಂದು ಸಿಲಿಂಡರನ್ನು ಮುಟ್ಟಿ ನೋಡಿದಳು.

“ನನ್ನ ಮಂಡಿ ನೋವಿಗೆ ಒಂದ್ಸಲ ಮೂಸ್ಲೇನೇ?”

“ಅಯ್ಯೋ ಅಜ್ಜಿ, ಯಾರೂ ಮೂಸಬಾರದು ಅಂತಾನೇ ಇದಕ್ಕೆ ಗಂಧಕದ ಘಾಟು ಬೆರೆಸಿರ್ತಾರೆ. ನಗು ಬರಲ್ಲ, ವಾಂತಿ ಬರುತ್ತೆ.”

“ಈ ಮನೇಲಿ ನನಗೆ ಅಂತ ಒಂದು ಸುಖಾನೂ ಇಲ್ಲ,” ಎಂದು ಗೊಣಗಿಕೊಂಡು ಅಜ್ಜಿ ಹೋದಳು.

ಪರೀಕ್ಷೆಗೆಂದು ಮೂವರೂ ಖಾಲಿ ರನ್‌ವೇಗೆ ಹೋದರು. ಗುಬ್ಬಿ ಹೆಲ್ಮೆಟ್ ಹಾಕಿಕೊಂಡು ಸ್ಟೀರಿಂಗ್ ಹಿಡಿದಳು, ಮೇಸ್ತ್ರಿ ಪಕ್ಕದಲ್ಲಿ, ಹೊಲಿಗೆಯಕ್ಕ ಹಿಂದೆ. “ಅಮ್ಮ ಯಾಕೆ?” ಎಂದು ಮಗಳು ಕೇಳಿದ್ದಳು. “ಸುಮ್ನಿರೇ, ನನಗೂ ಒಂದು ದಿನ ಜೋರಾಗಿ ಹೋಗ್ಬೇಕು ಅಂತ ಆಸೆ ಇರಲ್ವಾ?” ಎಂದು ಇವಳು ಬಾಯಿ ಮುಚ್ಚಿಸಿದ್ದಳು.

ಮಗಳು ಪೆಡಲನ್ನು ಪೂರ್ತಿ ಒತ್ತಿದಾಗ ಯಾರೋ ಎದೆ ಹಿಡಿದು ಹಿಂದಕ್ಕೆ ನೂಕಿದ ಹಾಗಾಯಿತು. ಗಾಳಿಯ ಮೊರೆತ, ಟೈರಿನ ಸದ್ದು, ಇಂಜಿನ್ನಿನ ಕೂಗು. ಅಷ್ಟರ ಅಡಿಯಲ್ಲಿ ಬಾಣಲೆಯಲ್ಲಿ ಕಾಳು ಸಿಡಿದ ಹಾಗೆ ಸಣ್ಣಗೆ ಟಿಕಟಿಕ ಎಂದದ್ದು ಹೊಲಿಗೆಯಕ್ಕನಿಗೆ ಕೇಳಿಸಿತು. ಗಂಡನ ಭುಜವನ್ನು ತಟ್ಟಲಿಲ್ಲ, ಗುದ್ದಿದಳು.

“ಬಿಡು! ಕಾಲು ತೆಗಿ!” ಎಂದು ಮೇಸ್ತ್ರಿ ಕೂಗಿದ.

ಕಾರು ನಿಧಾನವಾಗಿ ನಿಂತಿತು. ಗುಬ್ಬಿ ಹೆಲ್ಮೆಟ್ ತೆಗೆದಳು. “ಏನಾಯ್ತಪ್ಪ?”

“ನಾಕಿಂಗ್. ಕಿಡಿ ಹಾರೋ ಟೈಮಿಂಗ್ ಇನ್ನೆರಡು ಡಿಗ್ರಿ ಹಿಂದಕ್ಕೆ ಬೇಕು.”

“ಆ ಗಲಾಟೇಲಿ ಅದು ಹೇಗಪ್ಪಾ ಕೇಳಿಸ್ತು ನಿಂಗೆ!” ಮಗಳ ಮುಖ ಅರಳಿತು. ಹಿಂದಕ್ಕೆ ತಿರುಗಿದಳು. “ನೋಡಿದ್ಯಾ ಅಮ್ಮಾ? ಯಾವ ಮೀಟರ್ ಹೇಳುತ್ತೆ ಇದನ್ನ?”

ಮೇಸ್ತ್ರಿ ಇಳಿದು ಟೈಮಿಂಗ್ ಸರಿಮಾಡಿದ. ಇನ್ನೊಮ್ಮೆ ಓಡಿಸಿದಾಗ ಇಂಜಿನ್ ನುಣ್ಣಗೆ ಹಾಡಿತು. ಹೊಲಿಗೆಯಕ್ಕನಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಅಳುಕು. ಸುಳ್ಳಿಗೆ ಇವತ್ತು ಮತ್ತಷ್ಟು ನೀರೆರೆದು ಬಂದೆವಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಮಗಳು ಮಾತ್ರ ದಾರಿಯಲ್ಲೇ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅಪ್ಪನ ಪ್ರತಾಪವನ್ನು ಹೇಳಿಕೊಂಡಳು. “ಕಿವಿಯಲ್ಲೇ ನೈಟ್ರಸ್ ಟ್ಯೂನ್ ಮಾಡೋರು ಈ ಊರಲ್ಲಿ ಇನ್ನೊಬ್ಬರಿಲ್ಲ,” ಎಂದು ಅಂಗಡಿಯವನು ಡಂಗುರ ಸಾರಿದ.

ಓಟದ ಭಾನುವಾರ ಬೆಳಿಗ್ಗೆ ಹೊಲಿಗೆಯಕ್ಕ ಚಹಾದ ಲೋಟಗಳನ್ನು ಹಿಡಿದು ಅಂಗಳಕ್ಕೆ ಬಂದರೆ, ಕಾರಿನ ಹಿಂದಿನ ಸೀಟು ಶೆಡ್ಡಿನ ಗೋಡೆಗೆ ಒರಗಿ ಕೂತಿತ್ತು. ಅದರ ಮೇಲೆ ಅಜ್ಜಿ ಕಾಲು ಚಾಚಿ ಬಿಸಿಲು ಕಾಯಿಸುತ್ತಿದ್ದಳು.

“ಒಳ್ಳೇ ಮೆತ್ತಗಿದೆ ಕಣೇ. ಇನ್ನು ಇದು ನಂದೇ,” ಎಂದಳು ಅಜ್ಜಿ.

“ಗುಬ್ಬೀ! ಸೀಟ್ ಯಾಕೆ ಬಿಚ್ಚಿದೆ?”

“ತೂಕ ಅಮ್ಮ. ಅಲ್ಲದೆ ಇವತ್ತು ಜೆಟ್ಟೂ ದೊಡ್ಡದು ಹಾಕಿದೀನಿ. ಓಟಕ್ಕೆ ಮೊದ್ಲು ಒಂದ್ಸಲ ಅಪ್ಪ ಪಕ್ಕದಲ್ಲಿ ಕೂತು ಕೇಳ್ತಾನೆ, ಸರಿ ಇದೆ ಅಂದ್ರೆ ಆಮೇಲೆ ನಾನೊಬ್ಳೇ.”

ಮೇಸ್ತ್ರಿ ತೆರೆದ ಬಾನೆಟ್ಟಿನೊಳಗೆ ತಲೆಹಾಕಿ ಪ್ಲಗ್ಗಿನ ವೈರುಗಳನ್ನು ನೋಡುತ್ತಿದ್ದ. ಹೊಲಿಗೆಯಕ್ಕ ಅವನ ಎದುರಿಗೆ ಹೋಗಿ ನಿಂತಳು. “ನನ್ನ ಆಣೆ ಏನಾಯ್ತು?” ಎಂದಳು.

ಅವನು ಕಣ್ಣು ತಪ್ಪಿಸಿದ. “ಚಿಕ್ಕ ಜೆಟ್ಟಲ್ಲಿ ಸರಿ ಇತ್ತಲ್ಲ. ಇದೂ ಸರಿ ಇರುತ್ತೆ. ಬಾಯಿ ಮುಚ್ಕೊಂಡು ಒಳಗೆ ಹೋಗು.”

ಆಣೆ ಮಾಡಿದ ಬಾಯಿಯಿಂದಲೇ ಈ ಮಾತು! ಲೋಟಗಳನ್ನು ನೆಲಕ್ಕಿಟ್ಟು ನೇರ ಮಗಳ ಹತ್ತಿರ ಹೋದಳು. ಒಂದು ಕಡೆ ಗಂಡನ ಮಾನ, ಇನ್ನೊಂದು ಕಡೆ ಈ ಹುಡುಗಿ. ಇಷ್ಟು ದಿನ ತೂಗಿದ್ದೇ ತಪ್ಪು ಎನ್ನಿಸಿತು.

“ಗುಬ್ಬಿ, ನಿಮ್ಮಪ್ಪನಿಗೆ ಆ ಸದ್ದು ಕೇಳ್ಸಲ್ಲ,” ಎಂದಳು, ದನಿ ತಗ್ಗಿಸಿ. “ಎರಡು ವರ್ಷ ಆಯ್ತು. ಅವತ್ತು ಕೇಳಿಸಿದ್ದು ನನಗೆ. ನಾನು ಭುಜಕ್ಕೆ ಗುದ್ದಿದೆ, ಅವರು ಕೂಗಿದ್ರು.”

ಮಗಳು ನಕ್ಕಳು. “ಓಟಕ್ಕೆ ಹೋಗಬಾರದು ಅಂತ ಇಂಥಾ ಕತೆ ಕಟ್ಟೋದಾ ಅಮ್ಮ?”

ಹೊಲಿಗೆಯಕ್ಕ ನಗಲಿಲ್ಲ. ಮಗಳ ನಗುವೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಜೇಬಿನಿಂದ ಬೀಗದ ಕೈಗಳ ಗೊಂಚಲು ತೆಗೆದು, ಅಪ್ಪನ ಹಿಂದಕ್ಕೆ ಹೋಗಿ, ಅವನ ಕಿವಿಯ ಹತ್ತಿರ ಝಣಝಣ ಅಲ್ಲಾಡಿಸಿದಳು. ಅಂಗಳದ ಆ ತುದಿಯಲ್ಲಿದ್ದ ಅಜ್ಜಿ “ಏನದು?” ಎಂದು ತಿರುಗಿ ನೋಡಿದಳು. ಮೇಸ್ತ್ರಿ ವೈರು ಒರೆಸುತ್ತಲೇ ಇದ್ದ. ಇನ್ನೊಮ್ಮೆ ಅಲ್ಲಾಡಿಸಿದಳು.

ಅವನು ಬೆನ್ನು ನೆಟ್ಟಗೆ ಮಾಡಿ, “ಆಯ್ತು, ಹೊರಡೋಣ್ವಾ?” ಎಂದು ತಿರುಗಿದ. ಮಗಳ ಮುಖ ನೋಡಿದ. ತನ್ನ ಕಿವಿಯ ಪಕ್ಕ ಮೇಲೆತ್ತಿದ್ದ ಅವಳ ಕೈಯನ್ನೂ, ಅದರಲ್ಲಿದ್ದ ಗೊಂಚಲನ್ನೂ ನೋಡಿದ. ಆಮೇಲೆ ಹೆಂಡತಿಯ ಕಡೆ ನೋಡಿದ. ಹಳೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು, ಶೆಡ್ಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡ.

ಗುಬ್ಬಿ ಅಲ್ಲೇ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

“ಅಪ್ಪನ ಮೇಲೆ ಸಿಟ್ಟಿಲ್ಲ ನಂಗೆ,” ಎಂದಳು ಅಮ್ಮನಿಗೆ. “ಅಂಗಡೀಲಿ ನಾನು ಮೀಟರ್ ಬೇಡ ಅಂದೆ. ನೀನು ಪಕ್ಕದಲ್ಲೇ ನಿಂತಿದ್ದೆ. ಎಲ್ಲಾ ಗೊತ್ತಿತ್ತು ನಿಂಗೆ. ಆದ್ರೂ ಸುಮ್ನಿದ್ದೆ.”

ಆ ಭಾನುವಾರ ಕಾರು ಅಂಗಳ ಬಿಟ್ಟು ಕದಲಲಿಲ್ಲ.

ಅಲ್ಲಿಂದ ಮನೆಯಲ್ಲಿ ಮೌನ. ಮೇಸ್ತ್ರಿ ಶೆಡ್ಡಿನ ಬಾಗಿಲು ತೆರೆಯಲಿಲ್ಲ, ಬಂದ ಗಿರಾಕಿಗಳಿಗೆ ಮೈ ಸರಿಯಿಲ್ಲ ಎಂದು ಹೇಳಿಸಿ ಕಳಿಸಿದ. ಹೆಂಡತಿಯ ಜೊತೆ ಒಂದು ಮಾತಿಲ್ಲ. ಊಟಕ್ಕೆ ಕೂತರೆ ತಾಯಿಯ ಕಡೆ ತಿರುಗಿ, “ಅಮ್ಮಾ, ಉಪ್ಪು ಬೇಕಂತೆ ಅಂತ ಹೇಳು,” ಎನ್ನುತ್ತಿದ್ದ.

“ನೀನೇ ಹೇಳೋ. ನಾನೇನು ಟೆಲಿಫೋನ್ ಕಂಬಾನಾ?” ಎಂದು ಅಜ್ಜಿ ಬೈಯುತ್ತಿದ್ದಳು, ಬೈದು ಉಪ್ಪು ದಾಟಿಸುತ್ತಿದ್ದಳು. ಒಂದು ದಿನ ಸೊಸೆ ಒಬ್ಬಳೇ ಇದ್ದಾಗ, “ಹೇಳಿದ್ದು ಒಳ್ಳೇದಾಯ್ತು. ಆದ್ರೆ ಗಂಡಸಿಗೆ ಕೈ ಹೋದ್ರೂ ತಡ್ಕೋತಾನೆ, ಹೆಸರು ಹೋದ್ರೆ ತಡ್ಕೊಳ್ಳಲ್ಲ. ಸ್ವಲ್ಪ ದಿನ ಬಿಡು,” ಎಂದಳು. ಹೊಲಿಗೆಯಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತು, ಯಾರೂ ನೋಡದ ಹಾಗೆ ಅತ್ತಳು. ಮೂವತ್ತು ವರ್ಷದ ಸಂಸಾರದಲ್ಲಿ ಬೈಗುಳ ತಿಂದದ್ದುಂಟು, ತಿರುಗಿ ಕೊಟ್ಟದ್ದೂ ಉಂಟು. ಮಾತೇ ನಿಂತದ್ದು ಇದೇ ಮೊದಲು. ಇನ್ನು ಬಾರದೇ ಹೋದರೆ ಏನು ಮಾಡಲಿ ಎಂದು ಹೆದರಿದಳು.

ಗುಬ್ಬಿ ತಾನೇ ಹೋಗಿ ಮೀಟರು ತಂದು ಕೂರಿಸಿದಳು. ರನ್‌ವೇಯಲ್ಲಿ ದೊಡ್ಡ ಜೆಟ್ಟಿನಲ್ಲಿ ಒಮ್ಮೆ ಓಡಿಸಿ ಬಂದವಳು, ಊಟಕ್ಕೆ ಕೂತು, ತಟ್ಟೆ ನೋಡಿಕೊಂಡೇ ಹೇಳಿದಳು. ಅಪ್ಪನಿಗೆ ಕೇಳಲೆಂದು ದನಿ ಏರಿಸಿದ್ದಳು.

“ಒತ್ತಿದ ತಕ್ಷಣ ಮುಳ್ಳು ಕೆಂಪಿಗೆ ಹೋಯ್ತು. ಹಳೇ ಪಂಪಿಗೆ ಅಷ್ಟು ಪೆಟ್ರೋಲ್ ಕೊಡೋ ಶಕ್ತಿ ಇಲ್ಲ. ಮುಳ್ಳು ನೋಡಿ ಕಾಲು ತೆಗೆದೆ. ಅವತ್ತು ಅಪ್ಪ ಪಕ್ಕದಲ್ಲಿ ಕೂತು ಸರಿ ಇದೆ ಅಂದಿದ್ರೆ ತೆಗೀತಿರಲಿಲ್ಲ.”

ಮೇಸ್ತ್ರಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ. ನಲ್ಲಿಯ ನೀರು ಎಷ್ಟೋ ಹೊತ್ತು ಹರಿಯುತ್ತಲೇ ಇತ್ತು.

ಮುಂದಿನ ರಜೆಯ ದಿನ ಮಧ್ಯಾಹ್ನ ಮನೆಯ ಮುಂದೆ ಒಂದು ನೀಲಿ ಕಾರು ಬಂದು ನಿಂತಿತು. ಗುಬ್ಬಿಯ ವಯಸ್ಸಿನ ಯುವಕನೊಬ್ಬ ಇಳಿದ. ಮೇಸ್ತ್ರಿ ಜಗುಲಿಯಲ್ಲಿ ಕೂತಿದ್ದ, ಹೊಲಿಗೆಯಕ್ಕ ಬಾಗಿಲ ಬಳಿ ಗುಂಡಿ ಹಚ್ಚುತ್ತಿದ್ದಳು.

“ಮೇಸ್ತ್ರಿ ನೀವೇನಾ ಸಾರ್? ಬಿಡಿಭಾಗದ ಅಂಗಡಿಯವರು ಕಳಿಸಿದ್ರು. ನೈಟ್ರಸ್ ಹಾಕಿದೀನಿ. ಮೀಟರ್ ತಗೊಳ್ಳೋಣ ಅಂತಿದ್ದೆ, ಅವರೇ ಬೇಡ ಅಂದ್ರು. ನೀವು ಕಿವಿಯಲ್ಲೇ ಸರಿ ಮಾಡ್ತೀರಂತೆ. ನಿಮ್ಮ ಮಗಳ ಕಾರಿನ ಕತೆ ಊರೆಲ್ಲಾ ಗೊತ್ತು ಸಾರ್.”

ಮೇಸ್ತ್ರಿ ಆ ಕಾರನ್ನು ನೋಡಿದ. ಹಿಂದಿನ ಸೀಟು ಖಾಲಿ ಇತ್ತು. ಅವನು ಒಮ್ಮೆ ಕಣ್ಸನ್ನೆ ಮಾಡಿದ್ದರೆ ಸಾಕಿತ್ತು, ಹೊಲಿಗೆಯಕ್ಕ ಬಟ್ಟೆ ಬದಿಗಿಟ್ಟು ಹೋಗಿ ಕೂರುತ್ತಿದ್ದಳು. ಗಂಡನ ಮಾತು ಮರಳಿ ಬರುತ್ತಿತ್ತು, ಶೆಡ್ಡಿನ ಬಾಗಿಲು ತೆರೆಯುತ್ತಿತ್ತು, ಎಲ್ಲ ಮೊದಲಿನ ಹಾಗಾಗುತ್ತಿತ್ತು. ನಿಜ ಹೇಳಬೇಕೆಂದರೆ ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದೇ ನಿಂತಿದ್ದಳು.

ಮೇಸ್ತ್ರಿ ಮೆಟ್ಟಿಲಿಳಿದು ಯುವಕನ ಎದುರು ನಿಂತ.

“ನಿಂಗೆ ತಪ್ಪು ಹೇಳಿದ್ದಾರಪ್ಪ. ನನಗೆ ಕಿವಿ ಕೇಳ್ಸಲ್ಲ.”

ಯುವಕ ನಕ್ಕ. “ತಮಾಷೆ ಮಾಡ್ಬೇಡಿ ಸಾರ್.”

“ತಮಾಷೆ ಅಲ್ಲ. ನಾಕಿಂಗ್ ಸದ್ದು ನನಗೆ ಕೇಳೋದು ನಿಂತು ಎರಡು ವರ್ಷ ಆಯ್ತು. ಮಗಳ ಕಾರಿಂದೂ ನಾನು ಕೇಳಿದ್ದಲ್ಲ. ನನ್ನ ಮಾತು ನಂಬಿ ಅವಳು ಜೀವಾನೇ ಕಳ್ಕೋತಿದ್ಲು. ನೀನು ಮೀಟರ್ ಹಾಕಿಸ್ಕೊ. ಹಾಕ್ಸೋವರೆಗೆ ಗ್ಯಾಸ್ ಮುಟ್ಟಬೇಡ. ಅಂಗಡಿಯವನಿಗೂ ಹೇಳು, ಮೇಸ್ತ್ರಿ ಕಿವುಡ ಅಂತ. ಇನ್ಯಾರನ್ನೂ ಹೀಗೆ ಕಳಿಸ್ಬಾರದು.”

ಯುವಕ ತಲೆಯಾಡಿಸಿ, ಕಾರು ಹತ್ತಿ, ತಿರುಗಿಸಿಕೊಂಡು ಹೊರಟ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬುದು ಹೊಲಿಗೆಯಕ್ಕನಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮೇಸ್ತ್ರಿ ಗೇಟು ಹಿಡಿದು ನಿಂತೇ ಇದ್ದ. ಹೊಲಿಗೆಯಕ್ಕ ಹೋಗಿ ಪಕ್ಕದಲ್ಲಿ ನಿಂತಳು. ಕಾರು ಬೀದಿಯ ಕೊನೆಯ ಏರಿನ ಕಡೆ ಸಾಗಿತ್ತು.

“ಸದ್ದು ಹೇಗಿದೆ ಅದರದ್ದು?” ಎಂದ ಅವನು.

ಅವಳು ಎಂದಿನಂತೆ ಅವನ ಕಿವಿಯ ಬಳಿಗೆ ಬಾಗಿದಳು. ಬಾಗಿದವಳು ನಿಂತಳು. ಎದುರು ಮನೆಯಾಕೆ ಬಟ್ಟೆ ಒಣಗಹಾಕುತ್ತಿದ್ದಳು, ಕಿಟಕಿಯಲ್ಲಿ ಮಗಳಿದ್ದಳು, ಜಗುಲಿಗೆ ಅಜ್ಜಿ ಬಂದಿದ್ದಳು. ಇನ್ನು ಯಾರಿಂದ ಮುಚ್ಚಿಡುವುದು?

“ಏರಲ್ಲಿ ಸಿಡೀತಿದೆ!” ಎಂದು ಗಟ್ಟಿಯಾಗಿ ಹೇಳಿದಳು. “ಗ್ಯಾಸ್ ಬಿಡದೇನೇ ಸಿಡೀತಿದೆ!”

“ಏನು?”

“ನಾಕಿಂಗ್ ರೀ! ನಾಕಿಂಗ್ ಇದೆ!” ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಮೇಸ್ತ್ರಿ ಅವಳ ಮುಖವನ್ನೇ ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿ ಅವಳಿಗಿಂತ ಜೋರಾಗಿ ಕೂಗಿದ:

“ಗುಬ್ಬೀ, ಓಡೇ! ಆ ಹುಡುಗನ್ನ ನಿಲ್ಸು. ನಮ್ಮನೆಯವಳಿಗೆ ಕೇಳಿಸ್ತಂತೆ ಅಂತ ಹೇಳು!”